ಕರೆಂಟಿನ ಗಾಡಿ

೨೦೧೬ನೆಯ ಇಸವಿ ಏಪ್ರಿಲ್ ೯ರ ರಾತ್ರಿ, ನನ್ನ ವಯಸ್ಸಿನವರು ಮಾತ್ರೆ ನುಂಗಿ ಮಲಗಬೇಕಾದ ಹೊತ್ತಿನಲ್ಲಿ, ನಾನು ಮುಂಬಯಿಯ ಕುರ್ಲಾ ಸ್ಟೇಷನ್ನಿನ ಪ್ಲಾಟ್‌ಫಾರಮ್ಮಿನ ಮೇಲೆ ನಿಂತಿದ್ದೆ. ಊರಿಗೆ ಹೊರಟವನಲ್ಲ; ಯಾರನ್ನೋ ಕರೆತರಲು ಬಂದವನೂ ಅಲ್ಲ. ಆ ರಾತ್ರಿ ಹಾರ್ಬರ್ ಮಾರ್ಗದಲ್ಲಿ ೧,೫೦೦ ವೋಲ್ಟಿನ ನೇರ ವಿದ್ಯುತ್ತಿನಿಂದ ಓಡುವ ಕಟ್ಟಕಡೆಯ ಲೋಕಲ್ ಗಾಡಿ ಕುರ್ಲಾದಿಂದ ಹೊರಟು ಛತ್ರಪತಿ ಶಿವಾಜಿ ಟರ್ಮಿನಸ್ಸಿಗೆ, ಅಂದರೆ ನಮ್ಮ ಕಾಲದವರ ಬಾಯಲ್ಲಿ ಇನ್ನೂ ‘ವಿ.ಟಿ.’ಯಾಗಿಯೇ ಉಳಿದಿರುವ ಸ್ಟೇಷನ್ನಿಗೆ, ಹೋಗುವುದಿತ್ತು. ಅದನ್ನು ನೋಡಲು ಬಂದಿದ್ದೆ. ಸೊಸೆಗೆ ಇದು ಶುದ್ಧ ಹುಚ್ಚಾಗಿ ಕಂಡಿತು. “ಮಾವ, ನಾಳೆಯೂ ಅದೇ ಹಳಿಯ ಮೇಲೆ ಅದೇ ಥರದ ಗಾಡಿ ಬರುತ್ತದಲ್ಲ?” ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಬದಲಾಗುತ್ತಿದ್ದದ್ದು ತಂತಿಯೊಳಗೆ ಹರಿಯುವ ವಿದ್ಯುತ್ತು ಮಾತ್ರ. ಅದನ್ನು ಕಣ್ಣಿನಿಂದ ಕಂಡವರಿಲ್ಲ.

ಆದರೆ ಆ ಗಾಡಿಯ ಹಿಂದೆ ೯೧ ವರ್ಷಗಳ ಕಥೆಯೊಂದಿದೆ. ಅದರಲ್ಲಿ ನಮ್ಮ ಮನೆಯದೂ ಒಂದು ಎಳೆ ಇದೆ.

ನಮ್ಮ ಚಿಕ್ಕಪ್ಪ ೧೯೩೪ರಲ್ಲಿ, ತಮ್ಮ ಹದಿನಾಲ್ಕನೆಯ ವಯಸ್ಸಿನಲ್ಲಿ, ಮಂಗಳೂರಿನಿಂದ ಆಗಬೋಟು ಹತ್ತಿ ಮುಂಬಯಿಗೆ ಬಂದರು. ಕೋಟೆಯ ಪ್ರದೇಶದ ಒಂದು ಹೊಟೇಲಿನಲ್ಲಿ ತಟ್ಟೆ ಲೋಟ ತೊಳೆಯುವ ಕೆಲಸ. ಅವರು ರೈಲಿಗೆ ರೈಲು ಎನ್ನುತ್ತಿರಲಿಲ್ಲ. ಊರಿಗೆ ಹೋಗುವಾಗ ಕಂಡಿದ್ದು ‘ಹೊಗೆಗಾಡಿ’. ಮುಂಬಯಿಯ ಲೋಕಲ್ ‘ಕರೆಂಟಿನ ಗಾಡಿ’. ಕೊನೆಯವರೆಗೂ ಹಾಗೆಯೇ ಕರೆದರು. “ಮೊದಲ ಸಲ ನೋಡಿದಾಗ ಹೆದರಿಕೆಯಾಯಿತು ಮಾರಾಯ,” ಎಂದು ಒಮ್ಮೆ ನನಗೆ ಹೇಳಿದ್ದರು. “ಎಳೆಯುವವನೇ ಇಲ್ಲ, ಗಾಡಿ ಮಾತ್ರ ಬರುತ್ತಿದೆ. ತಲೆಯಿಲ್ಲದ ಹಾವಿನ ಹಾಗೆ.”

ಹಳ್ಳಿಯ ಹುಡುಗನ ಈ ಬೆರಗಿನಲ್ಲಿಯೇ ವಿಷಯದ ತಿರುಳಿದೆ. ತಲೆಯಿಲ್ಲದ ಗಾಡಿ ಏಕೆ ಬೇಕಾಯಿತು ಎಂಬುದನ್ನು ತಿಳಿಯಬೇಕಾದರೆ ತಲೆಯುಳ್ಳ ಗಾಡಿಯ ಕಷ್ಟವನ್ನು ನೋಡಬೇಕು.

ಉಗಿಯ ಇಂಜಿನು ದೂರದ ಪ್ರಯಾಣಕ್ಕೆ ಹೇಳಿ ಮಾಡಿಸಿದ್ದು. ಒಮ್ಮೆ ವೇಗ ಹಿಡಿದರೆ ಗಂಟೆಗಟ್ಟಲೆ ಓಡೀತು. ಆದರೆ ಮೈಲಿಗೊಂದು ಸ್ಟೇಷನ್ ಇರುವ ಊರಿನೊಳಗೆ ಅದರ ಪಾಡು ಬೇರೆ. ಭಾರವಾದ ಗಾಡಿಯನ್ನು ನಿಂತಲ್ಲಿಂದ ಎಳೆದು ವೇಗಕ್ಕೆ ತರುವಷ್ಟರಲ್ಲಿ ಮುಂದಿನ ಸ್ಟೇಷನ್ ಬಂದು ಬ್ರೇಕು ಹಾಕಬೇಕು. ಇನ್ನು ಕೊನೆಯ ನಿಲ್ದಾಣದ ಫಜೀತಿ. ಗಾಡಿ ಒಳಗೆ ಬಂದು ನಿಂತರೆ ಇಂಜಿನು ಗೋಡೆಯ ಕಡೆಗೆ ಸಿಕ್ಕಿಬಿದ್ದಿರುತ್ತದೆ. ವಾಪಸು ಹೊರಡಬೇಕಾದರೆ ಇನ್ನೊಂದು ಇಂಜಿನು ಬಂದು ಹಿಂದಿನ ತುದಿಗೆ ಕೂಡಬೇಕು. ಆ ಗಾಡಿ ಹೋದ ಮೇಲೆಯೇ ಮೊದಲನೆಯದಕ್ಕೆ ಬಿಡುಗಡೆ. ಅದು ಶೆಡ್ಡಿಗೆ ಹೋಗಿ ನೀರು ಕುಡಿದು, ಕಲ್ಲಿದ್ದಲು ತುಂಬಿಸಿಕೊಂಡು, ಬೂದಿ ಚೆಲ್ಲಿ ಬರಬೇಕು. ಇಷ್ಟೂ ಓಡಾಟಕ್ಕೆ ಹಳಿ ಬೇಕು, ಹೊತ್ತು ಬೇಕು. ಬೆಳಗ್ಗೆ ಎಲ್ಲರೂ ಒಟ್ಟಿಗೇ ಕಚೇರಿಗೆ ಬರುವ ಎರಡು ಗಂಟೆಗಳಲ್ಲಿ ಈ ಎರಡಕ್ಕೂ ಬರಗಾಲ.

ವಿದ್ಯುತ್ತಿನಿಂದ ಗಾಡಿಯನ್ನು ಓಡಿಸಬಹುದೆಂದು ಸೀಮೆನ್ಸ್ ೧೮೭೯ರಲ್ಲಿ ಬರ್ಲಿನ್ನಿನ ವಸ್ತುಪ್ರದರ್ಶನದಲ್ಲಿ ತೋರಿಸಿದ್ದ. ಎರಡು ವರ್ಷಗಳ ನಂತರ ಅದೇ ಊರಿನ ಹೊರವಲಯದ ಲಿಖ್ಟರ್‌ಫೆಲ್ಡೆಯಲ್ಲಿ ವಿದ್ಯುತ್ ಟ್ರಾಮು ಜನರನ್ನು ಹೊತ್ತು ಓಡಿತು. ಆದರೆ ಲೋಕಲ್ ಗಾಡಿಗಳ ನಿಜವಾದ ಜನಕ ಫ್ರಾಂಕ್ ಸ್ಪ್ರೇಗ್ ಎಂಬ ಅಮೇರಿಕನ್ ಇಂಜಿನಿಯರ್ ಎಂದೇ ನನ್ನ ಎಣಿಕೆ. ಒಂದೇ ದೊಡ್ಡ ಇಂಜಿನಿನ ಬದಲು ಡಬ್ಬಿಗಳ ಅಡಿಯಲ್ಲಿಯೇ ಮೋಟಾರುಗಳನ್ನು ಹಂಚಿಟ್ಟು, ಮುಂದಿನ ಡಬ್ಬಿಯಲ್ಲಿ ಕುಳಿತ ಒಬ್ಬನೇ ಎಲ್ಲವನ್ನೂ ಒಟ್ಟಿಗೆ ಆಳುವ ವಿಧಾನವನ್ನು ಅವನು ಕಂಡುಹಿಡಿದ. ೧೮೯೭-೯೮ರಲ್ಲಿ ಷಿಕಾಗೋದ ಮೇಲ್ರೈಲಿನಲ್ಲಿ ಅದು ಬಳಕೆಗೆ ಬಂದಿತು. ಅನೇಕ ಗಾಲಿಗಳು ಏಕಕಾಲಕ್ಕೆ ನೂಕುವುದರಿಂದ ಇಂಥ ಗಾಡಿ ನಿಂತಲ್ಲಿಂದ ಚಂಗನೆ ಹಾರಿದಂತೆ ಹೊರಡುತ್ತದೆ. ಎರಡು ತುದಿಗಳಲ್ಲಿಯೂ ಚಾಲಕನ ಕೋಣೆ. ಕೊನೆಯ ನಿಲ್ದಾಣದಲ್ಲಿ ಇಂಜಿನು ತಿರುಗಬೇಕಾಗಿಲ್ಲ. ಮೋಟರ್‌ಮನ್ ಎಂಬ ಮನುಷ್ಯ ತನ್ನ ಚೀಲ ಹಿಡಿದು ಪ್ಲಾಟ್‌ಫಾರಮ್ಮಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆದರೆ ಮುಗಿಯಿತು. ಚಿಕ್ಕಪ್ಪನಿಗೆ ತಲೆಯಿಲ್ಲದ್ದಾಗಿ ಕಂಡ ಹಾವಿಗೆ ನಿಜವಾಗಿ ಎರಡು ತಲೆ.

ಇಂಗ್ಲೆಂಡಿನಲ್ಲಿ ಲಿವರ್‌ಪೂಲಿನ ಹಡಗುಕಟ್ಟೆಗಳ ಉದ್ದಕ್ಕೂ, ನೆಲದಿಂದ ಮೇಲೆ ಕಂಬಗಳ ಮೇಲೆ, ೧೮೯೩ರಲ್ಲಿಯೇ ವಿದ್ಯುತ್ ರೈಲು ಓಡಿತ್ತು. ೧೯೦೪ರಲ್ಲಿ ಅಲ್ಲಿನ ಟೈನ್ ನದಿಯ ತೀರದ ಊರುಗಳಲ್ಲಿಯೂ, ಲಿವರ್‌ಪೂಲಿನಿಂದ ಸೌತ್‌ಪೋರ್ಟಿಗೂ ಉಗಿಯ ಜಾಗಕ್ಕೆ ವಿದ್ಯುತ್ತು ಬಂದಿತು. ಟೈನ್ ತೀರದ ಕಂಪನಿಗೆ ಅದು ವಿಜ್ಞಾನದ ಮೇಲಿನ ಮೋಹವಾಗಿರಲಿಲ್ಲ. ಬೀದಿಯಲ್ಲಿ ಓಡುವ ವಿದ್ಯುತ್ ಟ್ರಾಮುಗಳು ಅದರ ಗಿರಾಕಿಗಳನ್ನು ಕಸಿದುಕೊಳ್ಳುತ್ತಿದ್ದವು, ಹೊಟ್ಟೆಪಾಡಿಗಾಗಿ ಬದಲಾಯಿತು.

ಮುಂಬಯಿಯದು ಏಷ್ಯಾ ಖಂಡದ ಮೊತ್ತಮೊದಲ ವಿದ್ಯುತ್ ರೈಲೆಂದು ಹೇಳುವವರುಂಟು. ನಾನೂ ಬಹುಕಾಲ ಹಾಗೆಯೇ ನಂಬಿ, ನಾಲ್ಕು ಜನರ ಮುಂದೆ ಹೇಳಿಯೂ ಇದ್ದೇನೆ. ಅದು ಸರಿಯಲ್ಲ. ಜಪಾನಿನ ಟೋಕಿಯೋದಲ್ಲಿ ಕೋಬು ರೈಲ್ವೆಯವರು ೧೯೦೪ರಲ್ಲಿಯೇ ಈಡಾಮಾಚಿಯಿಂದ ನಕಾನೋವರೆಗೆ ವಿದ್ಯುತ್ ಗಾಡಿ ಓಡಿಸಿದ್ದರು. ಇಂಡಿಯಾದಲ್ಲಿ ಮುಂಬಯಿಯೇ ಮೊದಲು. ಅಷ್ಟು ಕೀರ್ತಿ ಸಾಕು.

ಮುಂಬಯಿಗೆ ಇದರ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿತ್ತು. ಊರಿನ ನಕ್ಷೆಯನ್ನು ನೋಡಿದವರಿಗೆ ಕಾರಣ ತಿಳಿಯುತ್ತದೆ: ಸಮುದ್ರಕ್ಕೆ ಚಾಚಿದ ಬೆರಳಿನಂಥ ಭೂಮಿ, ಕಚೇರಿ ಹಡಗುಕಟ್ಟೆಗಳೆಲ್ಲ ಬೆರಳಿನ ತುದಿಯಲ್ಲಿ. ಜನ ಬರಬೇಕಾದರೆ ಉತ್ತರದಿಂದಲೇ ಬರಬೇಕು, ಹೋಗಬೇಕಾದರೆ ಉತ್ತರಕ್ಕೇ ಹೋಗಬೇಕು. ೧೮೫೩ರ ಏಪ್ರಿಲ್ ೧೬ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಠಾಣೆಗೆ ೨೧ ಮೈಲಿ ಓಡಿದ್ದು ಇದೇ ದಾರಿಯಲ್ಲಿ. ಆಮೇಲೆ ಗಿರಣಿಗಳು ಬಂದವು, ಗಿರಣಿಗೆ ಕೂಲಿಗಳು ಬಂದರು. ಒಂದು ಕೋಣೆಯಲ್ಲಿ ಹತ್ತು ಮಂದಿ ಮಲಗುವ ಚಾಳುಗಳು ಎದ್ದವು. ೧೮೯೬ರಲ್ಲಿ ಪ್ಲೇಗು ಬಂದು ಆ ಕೋಣೆಗಳನ್ನು ಗುಡಿಸಿತು. ಎರಡು ವರ್ಷಗಳಲ್ಲಿ ಸರ್ಕಾರ ನಗರ ಸುಧಾರಣಾ ಟ್ರಸ್ಟನ್ನು ನೇಮಿಸಿತು. ಟ್ರಸ್ಟಿನವರು ದಾದರ್, ಮಾಟುಂಗಾ, ವಡಾಳಾ, ಸಾಯನ್ ಕಡೆ ಹೊಸ ಬಡಾವಣೆಗಳನ್ನು ಗುರುತು ಹಾಕಿದರು. ಗಾಳಿ ಬೆಳಕುಳ್ಳ ಮನೆಗಳೇನೋ ಬಂದವು. ಆದರೆ ಕೋಟೆಯ ಕಚೇರಿಗೆ ಹತ್ತು ಗಂಟೆಗೆ ಮುಟ್ಟುವುದು ಹೇಗೆ? ೧೯೦೭ರಿಂದ ಬೀದಿಯಲ್ಲಿ ವಿದ್ಯುತ್ ಟ್ರಾಮು ಓಡುತ್ತಿತ್ತು, ನಿಜ. ಆದರೆ ಟ್ರಾಮಿಗೆ ಎತ್ತಿನ ಗಾಡಿಯೂ ಅಡ್ಡ, ಮೆರವಣಿಗೆಯೂ ಅಡ್ಡ.

ಗಾಡಿ ಓಡಿಸಲು ವಿದ್ಯುತ್ತು ಎಲ್ಲಿಂದ? ಇಲ್ಲಿ ನಮ್ಮ ನಾಡನ್ನು ನೆನೆಯದಿದ್ದರೆ ಅಪಚಾರವಾದೀತು. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿಯ ನೀರು ೯೦ ಮೈಲಿಗೂ ದೂರದ ಕೋಲಾರದ ಗಣಿಗಳಿಗೆ ವಿದ್ಯುತ್ತಾಗಿ ಹರಿದಾಗ, ಬೀಳುವ ನೀರನ್ನು ದೂರದ ಕೆಲಸಕ್ಕೆ ಹೂಡಬಹುದೆಂಬುದು ಈ ದೇಶದಲ್ಲಿ ಸಿದ್ಧವಾಯಿತು. ಮುಂಬಯಿಯ ಹಿಂದೆಯೂ ಸಹ್ಯಾದ್ರಿಯ ಗೋಡೆಯಿದೆ. ಲೋನಾವಳಾದ ಕಡೆ ಮಳೆನೀರನ್ನು ಕೆರೆಗಳಲ್ಲಿ ಕಟ್ಟಿಹಾಕಿ, ಘಟ್ಟದ ಕೆಳಗಿನ ಖೋಪೋಲಿಗೆ ಕೊಳವೆಯಲ್ಲಿ ಬೀಳಿಸಿ, ಟಾಟಾ ಕಂಪನಿಯವರು ೧೯೧೫ರಿಂದ ಮುಂಬಯಿಯ ಗಿರಣಿಗಳಿಗೆ ವಿದ್ಯುತ್ತು ಕಳಿಸುತ್ತಿದ್ದರು. ಮುಂದೆ ರೈಲ್ವೆಯವರು ಕಲ್ಯಾಣದ ಬಳಿಯ ಠಾಕುರ್ಲಿಯಲ್ಲಿ ತಮ್ಮದೇ ಒಂದು ವಿದ್ಯುದಾಗಾರವನ್ನು ಕಟ್ಟಿಸಿದರು. ಅದು ೧೯೨೯ರಲ್ಲಿ ಕೆಲಸ ಮಾಡತೊಡಗಿತು. ಶಿವನಸಮುದ್ರದ ಬೆಳಕು ೧೯೦೫ರಲ್ಲಿಯೇ ಬೆಂಗಳೂರಿನ ಬೀದಿಗೆ ಬಂದಿತ್ತಷ್ಟೆ. ಬೀದಿಯ ದೀಪದಿಂದ ನಗರದ ವಿದ್ಯುತ್ ರೈಲಿಗೆ ಬರಲು ಬೆಂಗಳೂರಿಗೆ ನೂರು ವರ್ಷ ಮೀರಿ ಹಿಡಿಯಿತು. ಮೆಟ್ರೋ ಓಡಿದ್ದು ೨೦೧೧ರಲ್ಲಿ. ಇರಲಿ, ಅದು ಬೇರೆ ಕಥೆ.

೧೯೨೫ನೆಯ ಇಸವಿ ಫೆಬ್ರವರಿ ೩, ಮಂಗಳವಾರ. ಮುಂಬಯಿಯ ಗವರ್ನರ್ ಸರ್ ಲೆಸ್ಲಿ ವಿಲ್ಸನ್ನರು ವಿಕ್ಟೋರಿಯಾ ಟರ್ಮಿನಸ್ಸಿನಲ್ಲಿ ಮೊದಲ ವಿದ್ಯುತ್ ಗಾಡಿಯನ್ನು ಉದ್ಘಾಟಿಸಿದರು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಆ ಗಾಡಿ ಹಾರ್ಬರ್ ಮಾರ್ಗವಾಗಿ ಕುರ್ಲಾಕ್ಕೆ, ಸುಮಾರು ೧೦ ಮೈಲಿ, ಓಡಿತು. ನಾಲ್ಕೇ ಡಬ್ಬಿಗಳು. ಗಾಡಿಗಳನ್ನು ಕಟ್ಟಿದವರು ಇಂಗ್ಲೆಂಡಿನ ಕ್ಯಾಮೆಲ್ ಲೈರ್ಡ್ ಮತ್ತು ಜರ್ಮನಿಯ ಯೂರ್ಡಿಂಗೆನ್ ಕಾರ್ಖಾನೆಯವರು. ಮಹಾಯುದ್ಧದಲ್ಲಿ ಒಬ್ಬರನ್ನೊಬ್ಬರು ಕೊಂದು ಏಳು ವರ್ಷವಾಗುವಷ್ಟರಲ್ಲಿ ಆ ಎರಡು ದೇಶಗಳ ಕೆಲಸ ಮುಂಬಯಿಯ ಹಳಿಗಳ ಮೇಲೆ ಜತೆಯಾಗಿ ಓಡಿತೆಂಬುದು ನನಗೆ ಯಾವಾಗಲೂ ಒಂದು ತಮಾಷೆಯಾಗಿ ತೋರುತ್ತದೆ.

ಮುಖ್ಯ ಮಾರ್ಗವಿರಲು ಹಾರ್ಬರ್ ಮಾರ್ಗದಲ್ಲಿ ಏಕೆ ಮೊದಲು? ಅಲ್ಲಿ ಕುರ್ಲಾದಿಂದ ರೇ ರೋಡಿನವರೆಗೆ ೧೯೧೦ರಲ್ಲಿ ಹಳಿ ಬಿದ್ದಿತ್ತು. ಆದರೆ ಅದು ಹಡಗುಕಟ್ಟೆಗಳ ಪಕ್ಕದಲ್ಲಿ ಬಂದು ಊರನ್ನು ಮುಟ್ಟದೆ ನಿಂತಿತ್ತು. ರೇ ರೋಡಿನಿಂದ ವಿ.ಟಿ.ಗೆ ಉಳಿದ ತುಂಡನ್ನು, ಡಾಕ್‌ಯಾರ್ಡ್ ರೋಡಿನಿಂದ ಸ್ಯಾಂಡ್‌ಹರ್ಸ್ಟ್ ರೋಡಿನ ಕಡೆಗೆ, ಬೀದಿಗಳ ತಲೆಯ ಮೇಲೆ ಎತ್ತರಿಸಿ ಕಟ್ಟಿದರು. ಹೊಸ ದಾರಿ, ಹೊಸ ಗಾಡಿ, ಹೊಸ ಶಕ್ತಿ ಒಟ್ಟಿಗೇ ಬಂದವು. ಆ ಕಮಾನುಗಳ ಮೇಲೆ ಗಾಡಿ ಬಾಗುವಾಗ ಕಿಟಕಿಯ ಪಕ್ಕದಲ್ಲಿಯೇ ಮೂರನೆಯ ಮಾಳಿಗೆಯ ಮನೆಗಳು. ಒಣಹಾಕಿದ ಸೀರೆ, ಕನ್ನಡಿಯ ಮುಂದೆ ಗಡ್ಡ ಹೆರೆಯುವ ಗಂಡಸು, ಪಾಠ ಓದುವ ಮಗು. ಲಿವರ್‌ಪೂಲಿನವರಿಗೂ ಇಂಥದೇ ನೋಟ ದಕ್ಕಿರಬೇಕು. ಅವರ ಮೇಲ್ರೈಲು ೧೯೫೬ರಲ್ಲಿ ಮುಚ್ಚಿಹೋಯಿತು. ನಮ್ಮದು ಇನ್ನೂ ಓಡುತ್ತಿದೆ.

ವಿದ್ಯುದಾಗಾರದಿಂದ ಬರುವುದು ಪರ್ಯಾಯ ವಿದ್ಯುತ್ತು. ಆ ಕಾಲದ ಮೋಟಾರುಗಳಿಗೆ ಬೇಕಾದದ್ದು ನೇರ ವಿದ್ಯುತ್ತು. ಹಾಗಾಗಿ ಹಳಿಯ ಪಕ್ಕದ ಉಪಕೇಂದ್ರಗಳಲ್ಲಿ ತಿರುಗುವ ದೊಡ್ಡ ಯಂತ್ರಗಳ ಮೂಲಕ ಒಂದನ್ನು ಇನ್ನೊಂದಾಗಿ ಮಾರ್ಪಡಿಸಿ ೧,೫೦೦ ವೋಲ್ಟಿನಲ್ಲಿ ತಂತಿಗೆ ಬಿಡುತ್ತಿದ್ದರು. ಮೆಲ್ಬರ್ನಿನವರು ೧೯೧೯ರಲ್ಲಿ ತಮ್ಮ ಲೋಕಲ್ ಗಾಡಿಗಳಿಗೆ ಇದೇ ಒತ್ತಡವನ್ನು ಆರಿಸಿದ್ದರು.

ಆಮೇಲಿನ ವರ್ಷಗಳಲ್ಲಿ ಕೆಲಸ ಬಿರುಸಾಗಿ ಸಾಗಿತು. ೧೯೨೫ರ ನಡುವಿನಲ್ಲಿ ಈ ರೈಲ್ವೆ ಕಂಪನಿಯ ಕೈತಪ್ಪಿ ಸರ್ಕಾರದ ಆಡಳಿತಕ್ಕೆ ಬಂದಿತು. ತಂತಿ ಎಳೆಯುವುದು ನಿಲ್ಲಲಿಲ್ಲ. ೧೯೨೮ರ ಜನವರಿಯಲ್ಲಿ ಪಶ್ಚಿಮದ ಬಿ.ಬಿ. ಅಂಡ್ ಸಿ.ಐ. ರೈಲ್ವೆಯವರು ಕೊಲಾಬಾದಿಂದ ಬೋರಿವಲಿಯವರೆಗೆ ವಿದ್ಯುತ್ ಗಾಡಿ ಬಿಟ್ಟರು. ೧೯೩೦ರ ಹೊತ್ತಿಗೆ ಜಿ.ಐ.ಪಿ.ಯ ತಂತಿ ಠಾಣೆ ಕಲ್ಯಾಣಗಳನ್ನು ದಾಟಿ, ಘಟ್ಟ ಹತ್ತಿ, ಒಂದು ಕಡೆ ಪುಣೆಯನ್ನೂ ಇನ್ನೊಂದು ಕಡೆ ಇಗತಪುರಿಯನ್ನೂ ಮುಟ್ಟಿತ್ತು.

ಮುಂಬಯಿಯ ನಂತರ ಮದರಾಸು. ಸೌತ್ ಇಂಡಿಯನ್ ರೈಲ್ವೆಯ ಕಿರಿದಾದ ಮೀಟರ್ ಗೇಜ್ ಹಳಿಗಳ ಮೇಲೆ, ಬೀಚ್ ಸ್ಟೇಷನ್ನಿನಿಂದ ತಾಂಬರಂವರೆಗೆ, ಇದೇ ೧,೫೦೦ ವೋಲ್ಟಿನ ಗಾಡಿಯನ್ನು ಗವರ್ನರ್ ಸ್ಟಾನ್ಲಿಯವರು ೧೯೩೧ರ ಏಪ್ರಿಲ್ ೨ರಂದು ಉದ್ಘಾಟಿಸಿದರು. ಮೇ ೧೧ರಿಂದ ಸಾರ್ವಜನಿಕರು ಹತ್ತಿದರು. ಹುಣಿಸೆಮರಗಳ ನಡುವೆ ಮಲಗಿದ್ದ ಮಾಂಬಲ, ಸೈದಾಪೇಟೆಗಳು ಗುಮಾಸ್ತರ ಊರುಗಳಾದವು. ಈ ದಾರಿಯ ಒಂದು ಸ್ಟೇಷನ್ನಿನ ಹೆಸರು ಕೋಡಂಬಾಕಂ. ನಮ್ಮ ಹಳೆಯ ಕನ್ನಡ ಚಲಚ್ಚಿತ್ರಗಳು ತಯಾರಾಗುತ್ತಿದ್ದದ್ದು ಅದರ ಸುತ್ತಮುತ್ತಲಿನ ಸ್ಟುಡಿಯೋಗಳಲ್ಲಿ. ಅಲ್ಲಿ ಅವಕಾಶ ಹುಡುಕಿಕೊಂಡು ಹೋದ ಕನ್ನಡದ ಸಣ್ಣ ನಟರಿಗೂ ತಂತ್ರಜ್ಞರಿಗೂ ಈ ಪುಟ್ಟ ಗಾಡಿಯ ಪರಿಚಯ ತಪ್ಪದೆ ಆಗಿರಬೇಕು. ೧೯೬೭ರಲ್ಲಿ ಅದಕ್ಕೆ ಹೊಸ ವಿದ್ಯುತ್ತು ಬಂದಿತು; ೨೦೦೪ರ ಜುಲೈಯಲ್ಲಿ ಮೀಟರ್ ಗೇಜ್ ಗಾಡಿಯೇ ನಿಂತು, ಅಗಲ ಹಳಿಯ ಗಾಡಿಗಳು ಉಳಿದವು. ಕಲ್ಕತ್ತೆಯ ಸರದಿ ಬಂದದ್ದು ಸ್ವಾತಂತ್ರ್ಯದ ನಂತರ, ೧೯೫೭ರ ಡಿಸೆಂಬರಿನಲ್ಲಿ. ಹೌರಾದ ಆ ಗಾಡಿಯನ್ನು ನೆಹರೂ ಅವರೇ ಉದ್ಘಾಟಿಸಿದರು.

ಇನ್ನು ಚಿಕ್ಕಪ್ಪನ ಕಡೆಗೆ ತಿರುಗುತ್ತೇನೆ. ಮುಂಬಯಿಗೆ ಬಂದ ಮೊದಲ ಹದಿನೈದು ವರ್ಷ ಅವರಿಗೆ ಮನೆಯೇ ಇರಲಿಲ್ಲ. ಆಗಿನ ಹೊಟೇಲು ಹುಡುಗರೆಲ್ಲರ ಪಾಡೂ ಅದೇ. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿ ಮಲಗುವುದು. ನಸುಕಿನಲ್ಲಿ ಇಡ್ಲಿಯ ಹಿಟ್ಟಿನ ವಾಸನೆಗೆ ಏಳುವುದು. ಯಜಮಾನರು ಒಳ್ಳೆಯವರಾದ್ದರಿಂದ ಸಂಜೆ ಕನ್ನಡ ರಾತ್ರಿಶಾಲೆಗೆ ಬಿಡುತ್ತಿದ್ದರು. ಹಾಗೆ ಮೆಟ್ರಿಕ್ಯುಲೇಷನ್ನಿನ ತನಕ ಓದಿ, ಗಲ್ಲಾಪೆಟ್ಟಿಗೆಯ ಮೇಲೆ ಕುಳಿತರು. ೧೯೪೮ರಲ್ಲಿ ಊರಿನಲ್ಲಿ ಮದುವೆಯಾಯಿತು. ಹೆಂಡತಿಯನ್ನು ಊರಲ್ಲಿ ಬಿಟ್ಟು ಒಬ್ಬರೇ ಬಂದರು. ಮುಂಬಯಿಯ ನಮ್ಮವರ ಮದುವೆಗಳೆಲ್ಲ ಆಗ ಅಂಚೆಯ ಮೂಲಕವೇ ನಡೆಯುತ್ತಿದ್ದವು ಎಂದರೆ ಅತಿಶಯವಲ್ಲ. ವರ್ಷಕ್ಕೊಮ್ಮೆ ಒಂದು ತಿಂಗಳ ರಜೆ. ಉಳಿದ ಹನ್ನೊಂದು ತಿಂಗಳು ಮನಿಯಾರ್ಡರು.

ಮರುವರ್ಷ ಅವರಿಗೆ ಕುರ್ಲಾದಲ್ಲಿ ಹಳಿಯ ಪಕ್ಕದ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಕೋಟೆಯ ಬಳಿ ಕೋಣೆ ಹಿಡಿಯುವುದು ಅವರ ಸಂಬಳಕ್ಕೆ ಕನಸಿನ ಮಾತು. ನಡೆದು ಬರುವುದಾದರೆ ಕುರ್ಲಾ ಬೇರೆ ದೇಶ. ಆದರೆ ನಸುಕಿನಲ್ಲಿ ಒಂದು ಗಾಡಿಯಿದೆ, ರಾತ್ರಿ ಹೊಟೇಲು ಮುಚ್ಚಿದ ಮೇಲೂ ಒಂದು ಗಾಡಿಯಿದೆ, ಎರಡೂ ತಪ್ಪದೆ ಬರುತ್ತವೆ ಎಂಬ ನಂಬಿಕೆಯೊಂದರ ಮೇಲೆಯೇ ಆ ಸಂಸಾರ ಹೂಡಿದ್ದು. ಚಿಕ್ಕಮ್ಮ ಊರಿನಿಂದ ಬಂದರು. ಮನೆಯಲ್ಲಿ ಗಡಿಯಾರವಿರಲಿಲ್ಲ; ಕಿಟಕಿಯಾಚೆ ಹೋಗುವ ಗಾಡಿಗಳನ್ನು ಲೆಕ್ಕವಿಟ್ಟು ಅನ್ನಕ್ಕೆ ಎಸರಿಡುತ್ತಿದ್ದರು. ಗಾಡಿ ತಡವಾದ ದಿನ ಅನ್ನವೂ ತಡ.

ಮೈಲಿಗಳ ಲೆಕ್ಕವನ್ನು ಬಿಟ್ಟು ನೋಡಿದರೆ, ನಮ್ಮ ಜನರ ಪಾಲಿಗೆ ವಿದ್ಯುತ್ ರೈಲು ಮಾಡಿದ ಕೆಲಸ ಇದು: ಹೊಟೇಲಿನ ಮೇಜಿನ ಮೇಲೆ ಮಲಗುತ್ತಿದ್ದವರಿಗೆ ಬಾಡಿಗೆಯ ಕೋಣೆಯನ್ನೂ, ಕೋಣೆಗೆ ಹೆಂಡತಿ ಮಕ್ಕಳನ್ನೂ ಕೊಟ್ಟಿತು. ಮಾಟುಂಗಾ, ದಾದರ್, ಸಾಯನ್ನುಗಳಲ್ಲಿ ದಕ್ಷಿಣದವರ ಬೀದಿಗಳು ಬೆಳೆದದ್ದು ಬಡಾವಣೆಯ ನಕ್ಷೆಯಿಂದ ಮಾತ್ರವಲ್ಲ, ಸ್ಟೇಷನ್ನಿನ ಬಲದಿಂದ. ಮುಂಬಯಿಯ ಮೈಸೂರು ಅಸೋಸಿಯೇಷನ್ ೧೯೨೬ರಲ್ಲಿ, ಅಂದರೆ ಕರೆಂಟಿನ ಗಾಡಿ ಬಂದ ಮರುವರ್ಷ, ಹುಟ್ಟಿತು. ಅದಕ್ಕೂ ಗಾಡಿಗೂ ನೇರ ಸಂಬಂಧವಿದೆಯೆಂದು ನಾನು ವಾದಿಸುವುದಿಲ್ಲ. ಆದರೆ ಕೋಟೆ, ಪರೇಲ್, ಕುರ್ಲಾಗಳಲ್ಲಿ ಚೆದುರಿದ್ದ ಕನ್ನಡಿಗರು ಮಾಟುಂಗಾದ ಒಂದು ಭಾಷಣಕ್ಕೋ ನಾಟಕಕ್ಕೋ ಸಂಜೆ ಬಂದು, ರಾತ್ರಿ ಮನೆಗೆ ಮರಳುವುದು ಲೋಕಲ್ ಗಾಡಿಯಿಲ್ಲದೆ ಸಾಧ್ಯವಿತ್ತೆ? ನಾಟಕದ ಕೊನೆಯ ಅಂಕವನ್ನು ಬಿಟ್ಟು ಕಡೆಯ ಗಾಡಿಗೆ ಓಡಿದ ಪ್ರೇಕ್ಷಕರಲ್ಲಿ ನಾನೂ ಒಬ್ಬ. ಎಷ್ಟೋ ದುರಂತ ನಾಟಕಗಳು ನನ್ನ ಮಟ್ಟಿಗೆ ಸುಖಾಂತವಾಗಿಯೇ ಉಳಿದಿವೆ.

ಆದರೆ ಕೊಟ್ಟ ಕೈಯೇ ಒಂದಿಷ್ಟನ್ನು ಕಸಿದುಕೊಂಡಿತೆಂಬುದನ್ನೂ ಹೇಳಬೇಕು.

ಚಿಕ್ಕಪ್ಪ ನಸುಕಿನ ಗಾಡಿಗೆ ಹೊರಡುವಾಗ ಮಕ್ಕಳು ನಿದ್ದೆಯಲ್ಲಿ. ರಾತ್ರಿ ಹನ್ನೊಂದಕ್ಕೆ ಬಂದಾಗಲೂ ನಿದ್ದೆಯಲ್ಲಿ. ನಾನು ೧೯೬೪ರಲ್ಲಿ ಕೆಲಸ ಹುಡುಕಿಕೊಂಡು ಅವರ ಮನೆಗೆ ಬಂದಾಗ, ಹಿರಿಯ ಹುಡುಗ ಎಷ್ಟು ಬೆಳೆದಿದ್ದಾನೆ ಎಂದು ಏನೋ ಮಾತಿಗೆ ಅಂದೆ. ಅವರು ನಕ್ಕರು. “ಮಕ್ಕಳ ಉದ್ದ ನನಗೆ ಗೊತ್ತುಂಟು ಮಾರಾಯ, ಎತ್ತರ ಗೊತ್ತಿಲ್ಲ” ಎಂದರು. ಮಲಗಿದ್ದಲ್ಲಿಯೇ ನೋಡಿದವರು ಅವರು. ಆಗ ನಾನೂ ನಕ್ಕಿದ್ದೆ. ಆ ಮಾತಿನ ಭಾರ ನನಗೆ ತಿಳಿಯಲು ಹತ್ತು ವರ್ಷ ಬೇಕಾಯಿತು.

ಹತ್ತು ವರ್ಷದ ಮೇಲೆ ನಾನು ಡೊಂಬಿವಲಿಯಲ್ಲಿ ಮನೆ ಮಾಡಿದೆ. ವಿ.ಟಿ.ಯಿಂದ ೩೦ ಮೈಲಿ. ಚಿಕ್ಕಪ್ಪನ ಕಾಲಕ್ಕೆ ಕುರ್ಲಾ ಊರಾಚೆ. ನನ್ನ ಕಾಲಕ್ಕೆ ಕುರ್ಲಾ ನಡುವೂರಾಗಿ, ಬಾಡಿಗೆ ಏರಿ, ನಮ್ಮಂಥ ಗುಮಾಸ್ತರನ್ನು ಮುಲುಂಡ, ಠಾಣೆ, ಡೊಂಬಿವಲಿ, ಕಲ್ಯಾಣಗಳಿಗೆ ತಳ್ಳಿತ್ತು. ವಿದ್ಯುತ್ತಿನ ಗಾಡಿ ಬಂದದ್ದು ದಾರಿಯ ಹೊತ್ತನ್ನು ಉಳಿಸಲೆಂದು. ಉಳಿಸಿತು ಕೂಡ. ಆದರೆ ಉಳಿದ ಹೊತ್ತನ್ನು ನಾವು ಮನೆಯಲ್ಲಿ ಖರ್ಚು ಮಾಡಲಿಲ್ಲ, ದೂರದಲ್ಲಿ ಖರ್ಚು ಮಾಡಿದೆವು. ಅರ್ಧ ಗಂಟೆಯಲ್ಲಿ ಎಲ್ಲಿಯವರೆಗೆ ಹೋಗಬಹುದು ಎಂದು ಮೊದಲು ಕೇಳಿದೆವು; ಆಮೇಲೆ ಒಂದು ಗಂಟೆಯಲ್ಲಿ; ಆಮೇಲೆ ಒಂದೂವರೆಯಲ್ಲಿ. ಊರಿನ ದಟ್ಟಣೆಯನ್ನು ಕಡಿಮೆ ಮಾಡಲು ಹುಟ್ಟಿದ ಗಾಡಿ ಊರನ್ನೇ ಹಿಗ್ಗಿಸಿ, ಹಿಗ್ಗಿದ ಊರಿನ ದಟ್ಟಣೆಯನ್ನೆಲ್ಲ ತನ್ನ ಹೊಟ್ಟೆಯಲ್ಲಿ ತುಂಬಿಕೊಂಡಿತು. ಪುರಸಭೆಯ ಗಡಿ ಕೂಡ ೧೯೫೦ರಲ್ಲಿ ಒಮ್ಮೆ, ೧೯೫೭ರಲ್ಲಿ ಇನ್ನೊಮ್ಮೆ ಉತ್ತರಕ್ಕೆ ಸರಿದು, ಗಾಡಿಯ ಹಿಂದೆ ಏದುಸಿರು ಬಿಡುತ್ತ ಓಡಿತು. ನಾಲ್ಕು ಡಬ್ಬಿ ಎಂಟಾಯಿತು, ಒಂಬತ್ತಾಯಿತು, ಹನ್ನೆರಡಾಯಿತು. ಈಗ ಕೆಲವಕ್ಕೆ ಹದಿನೈದು. ಎಷ್ಟು ಕೂಡಿಸಿದರೂ ನಾಲ್ಕನೆಯವನು ಮೂವರ ಬೆಂಚಿನ ತುದಿಯಲ್ಲಿ ಅರ್ಧ ಕುಳಿತೇ ಇರುತ್ತಾನೆ.

ನಾನೊಮ್ಮೆ ಲೆಕ್ಕ ಹಾಕಿದೆ. ದಿನಕ್ಕೆ ಎರಡೂವರೆ ಗಂಟೆ. ವರ್ಷಕ್ಕೆ ೩೦೦ ದಿನ. ಅಲ್ಲಿಗೆ ವರ್ಷಕ್ಕೆ ಒಂದು ತಿಂಗಳು, ಹಗಲೂ ರಾತ್ರಿ ಬಿಡದೆ, ಗಾಡಿಯಲ್ಲಿ. ಮೂವತ್ತು ವರ್ಷದ ಚಾಕರಿಯಲ್ಲಿ ಎರಡೂವರೆ ವರ್ಷ. ಸತ್ಯವಾಗಿ ಹೇಳಬೇಕೆಂದರೆ, ಅದೆಲ್ಲ ವ್ಯರ್ಥವಾಗಿ ಹೋಯಿತೆನ್ನಲಾರೆ. ನಮ್ಮ ಡಬ್ಬಿಯಲ್ಲಿ ಒಂದು ಭಜನಾ ಮಂಡಳಿಯಿತ್ತು. ತಾಳ ಹಿಡಿಯಲೂ ಜಾಗವಿಲ್ಲದಷ್ಟು ಗರ್ದಿಯಲ್ಲಿ ವಿಠ್ಠಲನ ಹೆಸರು ಹೇಳುತ್ತಿದ್ದರು. ಇಸ್ಪೀಟಿನವರ ಗುಂಪಿತ್ತು. ಸಾಮಾನಿನ ಡಬ್ಬಿಯಲ್ಲಿ ಊಟದ ಡಬ್ಬಿಗಳನ್ನು ಹೊತ್ತ ಡಬ್ಬಾವಾಲರು. ಹೆಂಗಸರ ಡಬ್ಬಿಯ ವರ್ತಮಾನವನ್ನು ಚಿಕ್ಕಪ್ಪನ ಮಗಳು ತರುತ್ತಿದ್ದಳು. ಅವಳು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ್ದಳು. ಸಂಜೆಯ ಅಡಿಗೆಗೆ ತರಕಾರಿ ಹೆಚ್ಚುವುದು, ಬಟಾಣಿ ಸುಲಿಯುವುದು, ಮದುವೆಯ ಸಂಬಂಧ ಕುದುರಿಸುವುದು ಎಲ್ಲವೂ ಅಲ್ಲಿ ನಡೆಯುತ್ತಿತ್ತು. ಓದಿದ ಹೆಣ್ಣುಮಗಳು ಒಬ್ಬಳೇ ಊರಿನ ಒಂದು ತುದಿಯಿಂದ ಇನ್ನೊಂದಕ್ಕೆ ಕೆಲಸಕ್ಕೆ ಹೋಗುವುದು ಮುಂಬಯಿಯಲ್ಲಿ ಬೇಗ ರೂಢಿಗೆ ಬಂದುದಕ್ಕೆ ಆ ಪ್ರತ್ಯೇಕ ಡಬ್ಬಿಯೂ ಒಂದು ಕಾರಣ. ೧೯೯೨ರಲ್ಲಿ ಪಶ್ಚಿಮ ರೈಲ್ವೆಯವರು ಇಡೀ ಗಾಡಿಯನ್ನೇ ಹೆಂಗಸರಿಗೆ ಬಿಟ್ಟರು.

ಹೊತ್ತನ್ನು ಹೇಳುವ ರೀತಿಯೂ ಬದಲಾಯಿತು. ಊರಿನಲ್ಲಿ ನನ್ನ ಅಜ್ಜ ‘ಹೊತ್ತು ಮಾರು ಮೇಲೆ ಬಂದಾಗ’ ಎನ್ನುತ್ತಿದ್ದರು. ಚಿಕ್ಕಪ್ಪ ‘ಎಂಟೂಕಾಲಕ್ಕೆ’ ಎಂದರು. ನಾನು ‘ಎಂಟು ಹದಿನೇಳಕ್ಕೆ’ ಎನ್ನುತ್ತೇನೆ. ನಿವೃತ್ತನಾಗಿ ಇಷ್ಟು ವರ್ಷವಾದರೂ ಆ ಹದಿನೇಳು ನಿಮಿಷ ನನ್ನನ್ನು ಬಿಟ್ಟಿಲ್ಲ.

ಗರ್ದಿಯ ಇನ್ನೊಂದು ಮುಖವನ್ನು ಬರೆಯಲು ಕೈ ಬಾರದು. ಬಾಗಿಲಿಲ್ಲದ ಗಾಡಿಗೆ ಜೋತುಬಿದ್ದವರು, ಹಳಿ ದಾಟಲು ಹೋದವರು, ಎಲ್ಲ ಸೇರಿ ಈಗಲೂ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಮಂದಿ ಮುಂಬಯಿಯ ಲೋಕಲ್ ಹಳಿಗಳಲ್ಲಿ ಸಾಯುತ್ತಾರೆ. ಮರುದಿನದ ಎಂಟು ಹದಿನೇಳು ಎಂಟು ಹದಿನೇಳಕ್ಕೇ ಬರುತ್ತದೆ. ನಾವು ಕಣ್ಣು ಬೇರೆಡೆಗೆ ತಿರುಗಿಸಿ ಹತ್ತುತ್ತಿದ್ದೆವು. ನಾನೂ ಹಾಗೆಯೇ ಮಾಡಿದ್ದೇನೆ.

ಜನ ಹೆಚ್ಚಿದಂತೆ ೧,೫೦೦ ವೋಲ್ಟು ಸಾಲದಾಯಿತು. ಒತ್ತಡ ಕಡಿಮೆಯಿದ್ದಷ್ಟೂ ಅದೇ ಶಕ್ತಿಗೆ ಹೆಚ್ಚು ಪ್ರವಾಹ ಬೇಕು, ದಪ್ಪ ತಂತಿ ಬೇಕು, ಹೆಜ್ಜೆಹೆಜ್ಜೆಗೆ ಉಪಕೇಂದ್ರ ಬೇಕು. ದೇಶದ ಉಳಿದೆಡೆಯೆಲ್ಲ ೨೫,೦೦೦ ವೋಲ್ಟಿನ ಪರ್ಯಾಯ ವಿದ್ಯುತ್ತು ನೆಲೆಯೂರಿ ದಶಕಗಳಾಗಿದ್ದವು. ಮೊದಲು ಬಂದ ಮುಂಬಯಿಯೇ ಹಿಂದೆ ಬಿದ್ದಿತ್ತು. ಒಂದು ದಿನವೂ ಗಾಡಿ ನಿಲ್ಲಿಸದೆ, ಲಕ್ಷಗಟ್ಟಲೆ ಜನರ ತಲೆಯ ಮೇಲಿನ ತಂತಿಯನ್ನು ಬದಲಿಸಬೇಕಾದ ಕೆಲಸ ಅದು. ಪಶ್ಚಿಮ ಮಾರ್ಗದಲ್ಲಿ ೨೦೧೨ಕ್ಕೆ ಮುಗಿಯಿತು, ಮಧ್ಯ ರೈಲ್ವೆಯ ಮುಖ್ಯ ಮಾರ್ಗದಲ್ಲಿ ೨೦೧೫ಕ್ಕೆ. ೧೯೨೫ರಲ್ಲಿ ಎಲ್ಲಿ ಮೊದಲು ಹೊತ್ತಿಕೊಂಡಿತೋ ಆ ಹಾರ್ಬರ್ ಮಾರ್ಗದಲ್ಲಿಯೇ ಕೊನೆಗೆ ಆರಿತು.

ಆ ರಾತ್ರಿ ಕುರ್ಲಾದಲ್ಲಿ ನಾನೊಬ್ಬನೇ ಹುಚ್ಚನಾಗಿರಲಿಲ್ಲ. ಫೋಟೋ ತೆಗೆಯುವ ಹುಡುಗರು, ನಿವೃತ್ತ ರೈಲ್ವೆ ನೌಕರರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ತಂದೆಯರು. ಹನ್ನೊಂದೂವರೆಯ ಸುಮಾರಿಗೆ ಗಾಡಿ ಹೊರಟಿತು. ಹಳೆಯ ಗಾಡಿಗಳ ಅಡಿಯಲ್ಲಿ ಗಾಳಿ ತುಂಬುವ ಯಂತ್ರ ನಿಂತಾಗಲೆಲ್ಲ ಧಡಧಡನೆ ಸದ್ದು ಮಾಡುತ್ತಿತ್ತು. ಹೊಸ ಗಾಡಿಗಳಲ್ಲಿ ಅದಿಲ್ಲ. ನಾನು ಕಿಟಕಿಯ ಪಕ್ಕ ಜಾಗ ಹಿಡಿದೆ. ಐವತ್ತು ವರ್ಷಗಳಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಚಿಕ್ಕಪ್ಪನ ಕೋಣೆಯಿದ್ದ ಸಾಲು ಎಲ್ಲಿ ಎಂದು ಹುಡುಕಿದೆ. ಅದನ್ನು ಎಂದೋ ಕೆಡವಿ ಎತ್ತರದ ಕಟ್ಟಡ ಎಬ್ಬಿಸಿದ್ದಾರೆ. ಕತ್ತಲಲ್ಲಿ ಯಾವುದೆಂದು ಗುರುತು ಹತ್ತಲಿಲ್ಲ.

ವಡಾಳಾ ಹೋಯಿತು, ಶಿವಡಿ ಹೋಯಿತು, ರೇ ರೋಡು ಹೋಯಿತು. ಡಾಕ್‌ಯಾರ್ಡ್ ರೋಡು ದಾಟಿ ಗಾಡಿ ಬೀದಿಗಳ ಮೇಲಕ್ಕೆ ಬಂದಿತು. ಒಂದು ಮಾಳಿಗೆಯ 
ಮನೆಯಲ್ಲಿ ಇನ್ನೂ ದೀಪವಿತ್ತು. ಬನಿಯನ್ ತೊಟ್ಟ ಗಂಡಸೊಬ್ಬ ಆಗಷ್ಟೇ ಕೆಲಸದಿಂದ ಬಂದವನಂತೆ ಗೋಡೆಗೊರಗಿ ಊಟ ಮಾಡುತ್ತಿದ್ದ. ಅವನ ಪಕ್ಕದಲ್ಲಿ ಚಾಪೆಯ ಮೇಲೆ ಎರಡು ಮಕ್ಕಳು ಮಲಗಿದ್ದವು. ಗಾಡಿಯ ಸದ್ದಿಗೆ ಅವನು ತಲೆಯೆತ್ತಲಿಲ್ಲ.